ಗೋಡೆಯೊಳಗಿನ ಗಾಳಿ

(ಮಲೆನಾಡಿನ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಡು, ಹೊಳೆ, ಗಣಿ, ಅಣೆಕಟ್ಟುಗಳ ಕುರಿತು ಚರ್ಚಿಸಲು ಸೇರುವ ಇಂಥ ಸಭೆಯಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕಾರ್ಖಾನೆಗಳೊಳಗಿನ ಗಾಳಿಯ ಬಗ್ಗೆ ಮಾತನಾಡಲು ಹೊರಟಿರುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಘಟ್ಟದ ಗಾಳಿ ಶುದ್ಧವಾಗಿದೆ. ಬಯಲುಸೀಮೆಯ ಶೆಡ್ಡುಗಳೊಳಗಿನ ಗಾಳಿಯಿಂದ ನಮಗೇನು ಎಂದು ಕೇಳಬಹುದು. ಆದರೆ ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಅನೇಕರು ಇನ್ನು ಒಂದೆರಡು ವರ್ಷಗಳಲ್ಲಿ ಕೆಲಸ ಹುಡುಕಿಕೊಂಡು ಹೋಗುವುದು ಅಲ್ಲಿಗೇ. ಅಡಿಕೆಯ ಬೆಲೆ ಬಿದ್ದ ವರ್ಷ, ಮಳೆ ಕೈಕೊಟ್ಟ ವರ್ಷ, ನಮ್ಮ ಊರುಗಳಿಂದ ಹೊರಡುವ ರಾತ್ರಿ ಬಸ್ಸುಗಳು ತುಂಬಿ ಹೋಗುತ್ತವೆ. ಇಳಿಯುವ ಊರು ನೆಲಮಂಗಲವೋ ದೊಡ್ಡಬಳ್ಳಾಪುರವೋ ಹೊಸಕೋಟೆಯೋ ಆಗಿರುತ್ತದೆ. ಮಕ್ಕಳು ದಿನಕ್ಕೆ ಎಂಟು ಹತ್ತು ಗಂಟೆ ಉಸಿರಾಡುವ ಗಾಳಿ ಎಂಥದು ಎಂದು ತಿಳಿದಿರುವುದು ಕಳಿಸಿಕೊಡುವವರ ಹಕ್ಕು, ಹೋಗುವವರ ಅಗತ್ಯ.

ಇನ್ನೊಂದು ಕಾರಣವೂ ಇದೆ. ನಮ್ಮ ಪರಿಸರ ಚಿಂತನೆ ಬಹುಮಟ್ಟಿಗೆ ಗೋಡೆಯ ಹೊರಗೇ ನಿಂತಿದೆ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರವನ್ನು ಹಾದು ಹರಿಯುತ್ತದೆ. ಅಲ್ಲಿನ ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳಿಗೆ ಕೈಗಾರಿಕೆಗಳ ಮತ್ತು ನಗರದ ಕೊಳಕು ನೀರು ಸೇರುತ್ತಿರುವುದರ ವಿರುದ್ಧ ಗ್ರಾಮಸ್ಥರು ಇತ್ತೀಚಿನ ವರ್ಷಗಳಲ್ಲಿ ದಿಟ್ಟವಾಗಿ ಹೋರಾಡಿದ್ದಾರೆ. ನೊರೆ ಕಣ್ಣಿಗೆ ಕಂಡಿತು, ವಾಸನೆ ಮೂಗಿಗೆ ಬಡಿಯಿತು, ಜನ ಬೀದಿಗಿಳಿದರು. ಅದೇ ಕೈಗಾರಿಕೆಗಳ ಗೋಡೆಯೊಳಗೆ ದುಡಿಯುವವರ ಎದೆಗೆ ಏನು ಸೇರುತ್ತಿದೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆರೆಗೆ ಹರಿಯುವ ವಿಷ ಪರಿಸರದ ಪ್ರಶ್ನೆ, ಕಾರ್ಮಿಕನ ಎದೆಗೆ ಇಳಿಯುವ ದೂಳು ಅವನ ಖಾಸಗಿ ಕಾಯಿಲೆ ಎಂಬ ವಿಂಗಡಣೆ ನಮ್ಮಲ್ಲಿ ಹೇಗೋ ಬೇರೂರಿಬಿಟ್ಟಿದೆ. ಈ ವಿಂಗಡಣೆ ಸರಿಯಲ್ಲ ಎಂದು ತೋರಿಸುವುದೇ ಈ ಮಾತುಗಳ ಉದ್ದೇಶ.

ವೈದ್ಯರು ಕೇಳದ ಪ್ರಶ್ನೆ

ಮನುಷ್ಯ ಒಂದು ದಿನಕ್ಕೆ ತಿನ್ನುವ ಅನ್ನ ಹೆಚ್ಚೆಂದರೆ ಒಂದೆರಡು ಕಿಲೋ, ಕುಡಿಯುವ ನೀರು ಎರಡು ಮೂರು ಲೀಟರು. ಒಳಗೆಳೆದುಕೊಳ್ಳುವ ಗಾಳಿಯಾದರೋ ಹತ್ತು ಸಾವಿರ ಲೀಟರಿಗೂ ಹೆಚ್ಚು. ಮೈಮುರಿದು ದುಡಿಯುವವನು ಕುಳಿತವನಿಗಿಂತ ಹಲವು ಪಟ್ಟು ಹೆಚ್ಚು ಗಾಳಿ ಸೇದುತ್ತಾನೆ. ಆದ್ದರಿಂದ ಕೆಡುಕು ಗಾಳಿಯ ಕೋಣೆಯಲ್ಲಿ ಮೇಲ್ವಿಚಾರಕನಿಗಿಂತ ಕೂಲಿಯವನಿಗೇ ಹೆಚ್ಚು ಪೆಟ್ಟು.

ದೇಹಕ್ಕೆ ತನ್ನದೇ ರಕ್ಷಣೆಯುಂಟು. ದಪ್ಪ ದೂಳನ್ನು ಮೂಗಿನ ಕೂದಲು ಮತ್ತು ಸಿಂಬಳ ತಡೆಯುತ್ತವೆ. ಅದಕ್ಕಿಂತ ಸಣ್ಣದನ್ನು ಶ್ವಾಸನಾಳದ ಒಳಪದರ ಕಫದೊಡನೆ ಮೇಲಕ್ಕೆ ತಳ್ಳುತ್ತದೆ. ಆದರೆ ತಲೆಗೂದಲಿನ ದಪ್ಪದ ಹತ್ತನೆಯ ಒಂದು ಭಾಗಕ್ಕಿಂತಲೂ ಸೂಕ್ಷ್ಮವಾದ ಕಣಗಳು ಈ ಕಾವಲನ್ನು ದಾಟಿ ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಬಿಸಿಲುಕೋಲಿನಲ್ಲಿ ಕುಣಿಯುವ ದೂಳನ್ನು ನೋಡಿ ನಾವು ಹೆದರುತ್ತೇವೆ. ನಿಜವಾಗಿ ಹೆದರಬೇಕಾದದ್ದು ಕಣ್ಣಿಗೆ ಕಾಣದ ದೂಳಿಗೆ.

ಇದನ್ನು ಮೊದಲು ವ್ಯವಸ್ಥಿತವಾಗಿ ಬರೆದಿಟ್ಟವನು ಇಟಲಿಯ ವೈದ್ಯ ಬರ್ನಾರ್ಡಿನೋ ರಮಜ್ಜಿನಿ. 1700ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಗಣಿಗಾರರು, ಕುಂಬಾರರು, ಕಲ್ಲುಕುಟಿಗರು, ನಾರು ಹಿಂಜುವವರು ಮೊದಲಾದ ಹತ್ತಾರು ಕಸುಬಿನವರ ಕಾಯಿಲೆಗಳನ್ನು ಒಂದೊಂದಾಗಿ ವಿವರಿಸಿದ. ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳ ಸಾಲಿಗೆ, ನಿನ್ನ ಕಸುಬು ಯಾವುದು ಎಂಬ ಪ್ರಶ್ನೆಯನ್ನೂ ಸೇರಿಸಿಕೊಳ್ಳಬೇಕೆಂದು ವೈದ್ಯರಿಗೆ ಸಲಹೆ ಮಾಡಿದ. ಮುನ್ನೂರು ವರ್ಷಗಳು ಕಳೆದುಹೋಗಿವೆ. ಇಂದಿಗೂ ನಮ್ಮ ತಾಲ್ಲೂಕು ಕೇಂದ್ರಗಳ ದವಾಖಾನೆಗಳಲ್ಲಿ ಕೆಮ್ಮು ಎಂದು ಹೋದವನಿಗೆ ಕಫ ಇದೆಯೇ, ಜ್ವರ ಇದೆಯೇ, ಬೀಡಿ ಸೇದುತ್ತೀಯಾ ಎಂಬ ಪ್ರಶ್ನೆಗಳು ಎದುರಾಗುತ್ತವೆ. ಎಲ್ಲಿ ಕೆಲಸ, ಏನು ಕೆಲಸ ಎಂಬ ಪ್ರಶ್ನೆ ಅಪರೂಪ. ಆ ಪ್ರಶ್ನೆ ಕೇಳದಿದ್ದರೆ ರೋಗದ ಮೂಲ ಸಿಕ್ಕುವುದಿಲ್ಲ. ಔಷಧಿ ತೆಗೆದುಕೊಂಡ ರೋಗಿ ಮತ್ತೆ ಅದೇ ಕೋಣೆಗೆ ಮರಳುತ್ತಾನೆ.

ರೇಷ್ಮೆಯ ಹಬೆ

1986ರಲ್ಲಿ ರೂಪುಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆ, 2007ರಲ್ಲಿ ರಾಮನಗರ ಬೇರೆಯಾದ ಮೇಲೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳಿಗೆ ಸೀಮಿತವಾಗಿದೆ. ಇಷ್ಟು ಸಣ್ಣ ಜಿಲ್ಲೆಯೊಳಗೆ ದುಡಿಮೆಯ ಮೂರು ಕಾಲಗಳು ಅಕ್ಕಪಕ್ಕದಲ್ಲಿವೆ: ಒಲೆಯ ಕಾಲದ ರೇಷ್ಮೆ ನೂಲು ಬಿಚ್ಚಾಣಿಕೆ, ಯಂತ್ರದ ಕಾಲದ ವಿದ್ಯುತ್ ಮಗ್ಗ, ಗಾಜಿನ ಕಾಲದ ಹವಾನಿಯಂತ್ರಿತ ಕಟ್ಟಡ. ಒಂದೊಂದರ ಗಾಳಿಯೂ ಬೇರೆ.

ಮೊದಲು ದೇವನಹಳ್ಳಿ ತಾಲ್ಲೂಕಿನ ವಿಜಯಪುರವನ್ನು ನೋಡೋಣ. ಇದು ರೇಷ್ಮೆಯ ಊರು. ಗೂಡಿನ ಮಾರುಕಟ್ಟೆಯಿಂದ ತಂದ ಗೂಡುಗಳನ್ನು ಕುದಿನೀರಿನಲ್ಲಿ ಬೇಯಿಸಿ ಎಳೆ ಬಿಚ್ಚುವುದು ಇಲ್ಲಿನ ಹಳೆಯ ಕಸುಬು. ರೇಷ್ಮೆಯ ಎಳೆಯಲ್ಲಿ ಎರಡು ಭಾಗಗಳಿವೆ: ಒಳಗೆ ಗಟ್ಟಿಯಾದ ನಾರು, ಅದರ ಸುತ್ತ ಅಂಟಿನಂಥ ಸೆರಿಸಿನ್ ಎಂಬ ಪ್ರೋಟೀನು. ಬಿಸಿನೀರಿನಲ್ಲಿ ಈ ಅಂಟು ಮೆದುವಾದಾಗಲೇ ಎಳೆ ಸಡಿಲವಾಗುತ್ತದೆ. ಬಾಂಡಲೆಯಿಂದ ಏಳುವ ಹಬೆಯೊಡನೆ ಈ ಅಂಟಿನ ಕಣಗಳೂ ಗೂಡಿನೊಳಗೆ ಬೆಂದ ಹುಳುವಿನ ಪ್ರೋಟೀನುಗಳೂ ಗಾಳಿಗೆ ಸೇರುತ್ತವೆ. ಕೆಳಗೆ ಒಲೆಯಲ್ಲಿ ಸೌದೆ ಉರಿಯುತ್ತಿರುತ್ತದೆ. ಹೊಗೆ ಹೋಗಲು ಸರಿಯಾದ ಚಿಮಣಿ ಇಲ್ಲದ ಕಡೆ ಹಬೆ, ಹೊಗೆ, ಬೆಂದ ಹುಳುವಿನ ಘಾಟು ಮೂರೂ ಒಂದೇ ಮಾಡಿನ ಕೆಳಗೆ ತಂಗುತ್ತವೆ. ಸೌದೆ ಪೂರ್ತಿ ಉರಿಯದಿದ್ದಾಗ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸಂಜೆ ತಲೆನೋವು ಬಂದಾಗ ಜನ ಬಿಸಿಲನ್ನೋ ಹಸಿವನ್ನೋ ದೂರುತ್ತಾರೆ.

ಮಸಿ ಮತ್ತು ಹೊಗೆ ಎಲ್ಲರನ್ನೂ ಸ್ವಲ್ಪ ಸ್ವಲ್ಪವಾಗಿ ಕಾಡುತ್ತವೆ. ರೇಷ್ಮೆಯ ಪ್ರೋಟೀನಿನ ದಾರಿ ಬೇರೆ. ಮೊದಲ ತಿಂಗಳುಗಳಲ್ಲಿ, ಕೆಲವೊಮ್ಮೆ ಮೊದಲ ವರ್ಷಗಳಲ್ಲಿ, ಏನೂ ಆಗುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆ ಆ ಪ್ರೋಟೀನನ್ನು ಶತ್ರುವೆಂದು ಗುರುತಿಸಿಕೊಂಡ ದಿನದಿಂದ ಸ್ವಲ್ಪವೇ ತಾಗಿದರೂ ಶ್ವಾಸನಾಳ ಬಿಗಿಯುತ್ತದೆ, ಎದೆ ಸುಂಯ್‌ಗುಟ್ಟುತ್ತದೆ. ಜನ ಇದನ್ನು ದಮ್ಮು ಎನ್ನುತ್ತಾರೆ. ವೈದ್ಯಶಾಸ್ತ್ರದಲ್ಲಿ ಇದು ಔದ್ಯೋಗಿಕ ಉಬ್ಬಸ. ಕರ್ನಾಟಕದ ರೇಷ್ಮೆ ನೂಲು ತೆಗೆಯುವ ಕಾರ್ಮಿಕರ ಕುರಿತು 1985ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪರೀಕ್ಷೆಗೆ ಒಳಗಾದವರ ಪೈಕಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ಉಬ್ಬಸದಿಂದ ನರಳುತ್ತಿದ್ದುದು ಕಂಡುಬಂದಿತ್ತು. ಅಂದರೆ ವಿಷಯ ಹೊಸದಲ್ಲ. ನಲವತ್ತು ವರ್ಷಗಳಿಂದ ಗೊತ್ತಿದೆ.

2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಜೀತಮಕ್ಕಳ ಕುರಿತು ಪ್ರಕಟಿಸಿದ ವರದಿಯಲ್ಲಿ ಕರ್ನಾಟಕದ ನೂಲು ಬಿಚ್ಚಾಣಿಕೆ ಕೋಣೆಗಳಲ್ಲಿ ಹಬೆ ಹೊಗೆಗಳ ನಡುವೆ ದುಡಿಯುತ್ತಿದ್ದ ಮಕ್ಕಳ ಚಿತ್ರಣವಿತ್ತು. ಆಗ ನಡೆದ ಚರ್ಚೆ ಮಕ್ಕಳನ್ನು ಅಲ್ಲಿಂದ ಬಿಡಿಸುವುದರ ಕುರಿತಾಗಿತ್ತು. ಅದು ಆಗಲೇಬೇಕಾಗಿದ್ದ ಕೆಲಸ. ಆದರೆ ಮಕ್ಕಳು ಹೊರಬಂದ ಮಾತ್ರಕ್ಕೆ ಕೋಣೆಯ ಗಾಳಿ ಬದಲಾಗುವುದಿಲ್ಲ. ಮಕ್ಕಳಿಗೆ ಆಗದ ಗಾಳಿ ಅವರ ತಾಯಂದಿರಿಗೆ ಆದೀತು ಎಂದು ನಂಬಲು ಯಾವ ಆಧಾರವೂ ಇಲ್ಲ.

ಮಗ್ಗದ ಮನೆ

ದೊಡ್ಡಬಳ್ಳಾಪುರ ವಿದ್ಯುತ್ ಮಗ್ಗಗಳ ಪಟ್ಟಣ. ಅಲ್ಲಿನ ಬೀದಿಗಳಲ್ಲಿ ನಡೆದರೆ ಮನೆಮನೆಯಿಂದಲೂ ಮಗ್ಗದ ಸದ್ದು ಕೇಳುತ್ತದೆ. ಅನೇಕ ಕಡೆ ಮುಂದಿನ ಅಂಕಣದಲ್ಲಿ ಮಗ್ಗ, ಹಿಂದಿನ ಕೋಣೆಯಲ್ಲಿ ಸಂಸಾರ. ಗಂಡ ಹೆಂಡತಿ ಪಾಳಿಯ ಮೇಲೆ ನೇಯುತ್ತಾರೆ. ಮಗು ಪಕ್ಕದಲ್ಲೇ ಮಲಗಿರುತ್ತದೆ. ಕಾರ್ಖಾನೆಯ ಕಾರ್ಮಿಕನಿಗೆ ಪಾಳಿ ಮುಗಿದ ಮೇಲಾದರೂ ಬೇರೆ ಗಾಳಿ ಸಿಗುತ್ತದೆ. ಮನೆಯೇ ಮಗ್ಗದ ಶೆಡ್ಡಾದವರಿಗೆ ಆ ಬಿಡುವೂ ಇಲ್ಲ. ಎಳೆ ಒಣಗಿದರೆ ಹರಿಯುತ್ತದೆ, ಗಾಳಿ ಬೀಸಿದರೆ ತೊಡಕಾಗುತ್ತದೆ ಎಂದು ಕಿಟಕಿಗಳನ್ನು ಮುಚ್ಚಿಡುವ ರೂಢಿಯುಂಟು. ನೂಲಿನ ಹಿತ ಮತ್ತು ನೇಯುವವನ ಹಿತ ಇಲ್ಲಿ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ.

ಜವಳಿಯ ದೂಳಿನ ಬಗ್ಗೆ ಜಗತ್ತು ಕಲಿತ ದೊಡ್ಡ ಪಾಠ ಹತ್ತಿಯದು. ಹತ್ತಿಯ ದೂಳಿನಿಂದ ಬರುವ ಬಿಸಿನೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ವಿಚಿತ್ರವಾದ ಲಕ್ಷಣವೊಂದಿದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುತ್ತದೆ. ವಾರ ಕಳೆದಂತೆ ಕಡಿಮೆಯಾಗುತ್ತದೆ. ಮುಂದಿನ ವಾರ ಮತ್ತೆ ಅದೇ. ವರ್ಷಗಳು ಉರುಳಿದಂತೆ ಎರಡನೆಯ ದಿನವೂ ಉಳಿಯುತ್ತದೆ, ಮೂರನೆಯ ದಿನವೂ ಉಳಿಯುತ್ತದೆ; ಕೊನೆಗೆ ರಜೆಯಲ್ಲೂ ಬಿಡುವುದಿಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಲ್ಲಿ ವೈದ್ಯ ರಿಚರ್ಡ್ ಶಿಲ್ಲಿಂಗ್ ಈ ಹಂತಗಳನ್ನು ವರ್ಗೀಕರಿಸಿದರು. ಆರಂಭದ ಹಂತದಲ್ಲಿ ದೂಳಿನಿಂದ ದೂರವಾದರೆ ಚೇತರಿಕೆ ಸಾಧ್ಯ. ಕೊನೆಯ ಹಂತದಿಂದ ಹಿಂದಿರುಗುವುದು ಕಷ್ಟ.

ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ಈ ರೋಗ ಹೆಚ್ಚಾಗಿ ಕಾಣುವುದು ಹತ್ತಿ ಬಿಡಿಸುವ, ಹಿಂಜುವ, ನೂಲುವ ವಿಭಾಗಗಳಲ್ಲಿ. ನೇಯ್ಗೆಯಲ್ಲಿ ದೂಳು ಅದಕ್ಕಿಂತ ಕಡಿಮೆ. ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ಮತ್ತು ಕೃತಕ ರೇಷ್ಮೆಯ ಸೀರೆಗಳ ನೇಯ್ಗೆಗೇ ಹೆಸರು. ಆದ್ದರಿಂದ ಅಲ್ಲಿನ ಎಲ್ಲ ಕೆಮ್ಮಿಗೂ ಬಿಸಿನೋಸಿಸ್ ಎಂದು ಹಣೆಪಟ್ಟಿ ಹಚ್ಚುವುದು ವಿಜ್ಞಾನಕ್ಕೆ ಮಾಡುವ ಅನ್ಯಾಯ. ನಾರಿನ ತುಣುಕು, ಬಣ್ಣದ ಪುಡಿ, ಯಂತ್ರಕ್ಕೆ ಹಾಕಿದ ಎಣ್ಣೆಯ ಮಂಜು, ಮುಚ್ಚಿದ ಕೋಣೆಯ ಸೆಖೆ, ಇವೆಲ್ಲ ಸೇರಿ ಅಲ್ಲಿನ ಗಾಳಿ ಆಗಿದೆ. ಯಾವುದರ ಪಾಲು ಎಷ್ಟು ಎಂಬುದನ್ನು ಶೆಡ್ಡಿನೊಳಗೆ ಅಳೆದೇ ಹೇಳಬೇಕು. ಚಳವಳಿಗಾರರಾದ ನಾವು ಉತ್ಪ್ರೇಕ್ಷೆ ಮಾಡಿದರೆ ಒಂದು ಸುಳ್ಳನ್ನು ತೋರಿಸಿ ಹತ್ತು ನಿಜಗಳನ್ನು ತಳ್ಳಿಹಾಕಲು ಎದುರಿನವರಿಗೆ ಅನುಕೂಲವಾಗುತ್ತದೆ.

ಬಟ್ಟೆ, ಫೋನು, ಗಾಜು

ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕಿಗೆ ಸುತ್ತಲ ಹಳ್ಳಿಗಳಿಂದ ಹೆಣ್ಣುಮಕ್ಕಳು ಬಸ್ಸು, ವ್ಯಾನುಗಳಲ್ಲಿ ಬರುತ್ತಾರೆ. ಸಿದ್ಧ ಉಡುಪಿನ ಸಾಲಿನಲ್ಲಿ ಹೊಲಿಗೆಗಿಂತ ಕತ್ತರಿಸುವ ವಿಭಾಗದಲ್ಲಿ ನಾರಿನ ದೂಳು ಹೆಚ್ಚು. ಇಸ್ತ್ರಿಯ ವಿಭಾಗದಲ್ಲಿ ಬಿಸಿ ಹಬೆ. ಕಲೆ ತೆಗೆಯುವ ಜಾಗದಲ್ಲಿ ದ್ರಾವಕಗಳ ಆವಿ. ಸುಕ್ಕಾಗದಂತೆ ಸಂಸ್ಕರಿಸಿದ ಬಟ್ಟೆಯಿಂದ ಫಾರ್ಮಾಲ್ಡಿಹೈಡ್ ಆವಿ ಹೊರಡಬಲ್ಲದು. ಕಣ್ಣು ಉರಿ, ಗಂಟಲು ಕೆರೆತ ಇದರ ಮೊದಲ ಸೂಚನೆಗಳು. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಇದೇ ವಸ್ತು ನೀರಿನಲ್ಲಿ ಕರಗಿದಾಗ ಫಾರ್ಮಲಿನ್. ರೇಷ್ಮೆ ಬೆಳೆಗಾರರು ಹುಳು ಸಾಕುವ ಮನೆಯನ್ನು ಸೋಂಕುಮುಕ್ತಗೊಳಿಸಲು ಸಿಂಪಡಿಸುತ್ತಿದ್ದುದು ಇದನ್ನೇ. ಹುಳುವಿಗೆ ರೋಗ ಬರಬಾರದೆಂದು ಬಾಗಿಲು ಕಿಟಕಿ ಮುಚ್ಚಿ, ಮೂಗಿಗೆ ಟವೆಲು ಸುತ್ತಿಕೊಂಡು ಸಿಂಪಡಿಸುವವನ ರಕ್ಷಣೆಗೆ ಆ ಟವೆಲು ಏನೂ ಮಾಡದು. ಆವಿ ಬಟ್ಟೆಯ ಮೂಲಕ ಸಲೀಸಾಗಿ ಹಾದುಹೋಗುತ್ತದೆ. ಹೂವಿನ ಪಾಲಿಹೌಸುಗಳಲ್ಲೂ ಇದೇ ಕಥೆ. ಬಯಲಿನಲ್ಲಿ ಹೊಡೆದ ಔಷಧಿ ಗಾಳಿಗೆ ಚದುರುತ್ತದೆ, ಪ್ಲಾಸ್ಟಿಕ್ ಮಾಡಿನ ಕೆಳಗೆ ಹೊಡೆದದ್ದು ಅಲ್ಲೇ ನಿಲ್ಲುತ್ತದೆ. ಬೆಳಿಗ್ಗೆ ಹೂ ಕೊಯ್ಯಲು ಒಳಹೋಗುವವರು ಹೆಂಗಸರು.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸೀಮೆಗೆ ಹೊಸ ಬಗೆಯ ಕೆಲಸಗಳು ಬಂದವು. ಇತ್ತೀಚೆಗೆ ಮೊಬೈಲ್ ಫೋನ್ ಜೋಡಿಸುವ ಘಟಕಗಳೂ ಬಂದಿವೆ. ಇಂಥ ಎಲೆಕ್ಟ್ರಾನಿಕ್ ಉದ್ಯಮದ ಸ್ವಚ್ಛಕೋಣೆಗಳನ್ನು ನೋಡಿದವರು, ಇಷ್ಟು ಶುದ್ಧ ಗಾಳಿ ಬೇರೆಲ್ಲೂ ಇರಲಾರದು ಎಂದುಕೊಳ್ಳುತ್ತಾರೆ. ದೂಳಿನ ಮಟ್ಟಿಗೆ ಅದು ನಿಜ. ಆದರೆ ಆ ವ್ಯವಸ್ಥೆ ಇರುವುದು ವಸ್ತುವಿನ ಮೇಲೆ ಕಣ ಬೀಳದಿರಲೆಂದು. ಅಲ್ಲಿನ ಶೋಧಕಗಳು ದೂಳನ್ನು ಹಿಡಿಯುತ್ತವೆ. ಒರೆಸುವ ದ್ರಾವಕಗಳ ಆವಿಯನ್ನು ಹಿಡಿಯಲು ಬೇರೆಯೇ ಏರ್ಪಾಡು ಬೇಕು. ಬೆಸುಗೆಯಲ್ಲಿ ಬಳಸುವ ರಾಳದ ಹೊಗೆ ಉಬ್ಬಸ ತರುವುದೆಂದು ಹಲವು ದಶಕಗಳಿಂದ ಗೊತ್ತಿದೆ. ಕೋಣೆ ಶುದ್ಧವಾಗಿದೆ ಎಂದು ಯಾರಾದರೂ ಹೇಳಿದಾಗ, ಯಾವುದರಿಂದ ಶುದ್ಧ ಎಂದು ಕೇಳುವ ಅಭ್ಯಾಸ ನಮಗಿರಬೇಕು.

ಇನ್ನು ಗಾಜಿನ ಕಚೇರಿಗಳು. ಒಳಾಂಗಣದ ಗಾಳಿ ಎಷ್ಟು ಹಳಸಿದೆ ಎಂದು ತಿಳಿಯಲು ಇಂಗಾಲದ ಡೈಆಕ್ಸೈಡನ್ನು ಅಳೆಯುವ ಉಪಾಯವನ್ನು ಜರ್ಮನಿಯ ಮ್ಯೂನಿಕ್ಕಿನ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಸೂಚಿಸಿದ್ದ. ಅದು ಹತ್ತು ಲಕ್ಷಕ್ಕೆ ಸಾವಿರ ಭಾಗವನ್ನು ಮೀರಿದರೆ ಕೋಣೆಗೆ ಹೊಸ ಗಾಳಿ ಸಾಲದು ಎಂಬುದು ಅವನ ಅಳತೆ. ಇಂದು ಹೊರಗಿನ ಗಾಳಿಯಲ್ಲೇ ಅದು 420 ಭಾಗವನ್ನು ದಾಟಿದೆ. 1973ರ ತೈಲ ಬಿಕ್ಕಟ್ಟಿನ ಬಳಿಕ ಪಾಶ್ಚಾತ್ಯ ದೇಶಗಳಲ್ಲಿ ವಿದ್ಯುತ್ ಉಳಿಸಲೆಂದು ಕಟ್ಟಡಗಳನ್ನು ಬಿಗಿಯಾಗಿ ಮುಚ್ಚಿ ಹೊರಗಾಳಿಯನ್ನು ಕಡಿತಗೊಳಿಸಿದರು. ಹತ್ತು ವರ್ಷದೊಳಗೆ ತಲೆನೋವು, ಕಣ್ಣುರಿ, ದಣಿವು, ಏಕಾಗ್ರತೆಯ ಕೊರತೆಗಳ ದೂರು ಎಷ್ಟು ಹೆಚ್ಚಿತೆಂದರೆ ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದ ಆರಂಭದಲ್ಲಿ ಅದನ್ನು ರೋಗಗ್ರಸ್ತ ಕಟ್ಟಡಗಳ ಲಕ್ಷಣವೆಂದೇ ಗುರುತಿಸಿತು. ಕಟ್ಟಡದಿಂದ ಹೊರಬಂದರೆ ತಗ್ಗುವುದು ಅದರ ಗುರುತು. ಹವಾನಿಯಂತ್ರಣ ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಗೋಡೆಗೆ ತೂಗುಹಾಕುವ ಸಾಮಾನ್ಯ ಏಸಿ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಂಪು ಮಾಡಿ ಕೊಡುತ್ತದೆ. ಹೊಸ ಗಾಳಿಯನ್ನು ತರುವುದಿಲ್ಲ.

ಇದರ ಬೆಲೆ ಎಷ್ಟೆಂಬುದನ್ನು ಕೊರೊನಾ ತೋರಿಸಿಕೊಟ್ಟಿತು. 2020ರ ಮಾರ್ಚಿನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಕಟ್ಟಡವೊಂದರ ಹನ್ನೊಂದನೆಯ ಮಹಡಿಯ ಕಾಲ್ ಸೆಂಟರಿನಲ್ಲಿ ದುಡಿಯುತ್ತಿದ್ದ 216 ಜನರಲ್ಲಿ 94 ಮಂದಿಗೆ ಸೋಂಕು ತಗುಲಿತು. ಇಡೀ ಕಟ್ಟಡದಲ್ಲಿ ಸೋಂಕು ತಗುಲಿದವರು ಒಟ್ಟು 97 ಜನ. ಒಂದೇ ಗಾಳಿಯನ್ನು ಹಂಚಿಕೊಂಡು, ಒತ್ತೊತ್ತಾಗಿ ಕುಳಿತು, ದಿನವಿಡೀ ಮಾತನಾಡುವುದು ಅವರ ಕೆಲಸವಾಗಿತ್ತು.

ಕಾನೂನು ಎಲ್ಲಿ ನಿಂತಿದೆ

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಬಹಳ ಹಿಂದಿನಿಂದಲೂ ಇದೆ. 1948ರ ಕಾರ್ಖಾನೆ ಕಾಯ್ದೆ ಗಾಳಿ ಬೆಳಕು, ಉಷ್ಣಾಂಶ, ದೂಳು ಮತ್ತು ಹೊಗೆ, ಜನದಟ್ಟಣೆ ಇವಕ್ಕೆ ಪ್ರತ್ಯೇಕ ಕಲಮುಗಳನ್ನಿಟ್ಟಿತ್ತು. ಪ್ರತಿ ಕಾರ್ಮಿಕನಿಗೆ ಕನಿಷ್ಠ 14.2 ಘನ ಮೀಟರ್ ಜಾಗ ಇರಬೇಕೆಂದೂ, ನೆಲದಿಂದ 4.2 ಮೀಟರಿಗಿಂತ ಮೇಲಿರುವ ಜಾಗವನ್ನು ಲೆಕ್ಕಕ್ಕೆ ಹಿಡಿಯಬಾರದೆಂದೂ ಅದು ವಿಧಿಸಿತ್ತು. 1984ರ ಭೋಪಾಲ ದುರಂತದ ಬಳಿಕ, 1987ರ ತಿದ್ದುಪಡಿಯಲ್ಲಿ ಅಪಾಯಕಾರಿ ಉದ್ಯಮಗಳ ಕುರಿತ ಅಧ್ಯಾಯವೊಂದು ಸೇರಿತು. ತನ್ನ ಆರೋಗ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು ಕೇಳುವ ಹಕ್ಕು ಕಾರ್ಮಿಕನಿಗೆ ದೊರೆಯಿತು.

2025ರ ನವೆಂಬರ್ 21ರಂದು ಆ ಕಾಯ್ದೆಯ ಸ್ಥಾನಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಪರಿಸ್ಥಿತಿ ಸಂಹಿತೆ ಬಂತು. ದೂಳು ಹೊಗೆಗಳಿಂದ ಮುಕ್ತವಾದ ಪರಿಸರ, ಸಾಕಷ್ಟು ಗಾಳಿ, ಉಚಿತ ವಾರ್ಷಿಕ ಆರೋಗ್ಯ ತಪಾಸಣೆ, ಮಾಹಿತಿ ಕೇಳುವ ಹಕ್ಕು ಇವೆಲ್ಲ ಅದರಲ್ಲೂ ಇವೆ. ಆದರೆ ಒಂದು ಬದಲಾವಣೆಯನ್ನು ಗಮನಿಸಬೇಕು. ಹಿಂದೆ ವಿದ್ಯುತ್ ಬಳಸುವ ಕಡೆ ಹತ್ತು ಜನ ದುಡಿದರೆ ಅದು ಕಾರ್ಖಾನೆ. ಈಗ ಇಪ್ಪತ್ತು ಜನ ಇರಬೇಕು. ವಿದ್ಯುತ್ ಬಳಸದ ಕಡೆ ಇಪ್ಪತ್ತು ಇದ್ದದ್ದು ನಲವತ್ತಾಗಿದೆ. ಸಂಹಿತೆಯ ಸಾಮಾನ್ಯ ನಿಯಮಗಳಾದರೂ ಅನ್ವಯವಾಗುವುದು ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ದೊಡ್ಡಬಳ್ಳಾಪುರದ ನಾಲ್ಕು ಮಗ್ಗದ ಮನೆ, ವಿಜಯಪುರದ ಸಣ್ಣ ಬಿಚ್ಚಾಣಿಕೆ ಕೋಣೆ ಮೊದಲೂ ಕಾನೂನಿನ ಹೊರಗಿದ್ದವು. ಈಗ ಅವುಗಳಿಗಿಂತ ಕೊಂಚ ದೊಡ್ಡವೂ ಕಾರ್ಖಾನೆ ಎಂಬ ವ್ಯಾಖ್ಯೆಯಿಂದ ಹೊರಬಿದ್ದಿವೆ. ಹೊರಗಿನ ವಾಯುಮಾಲಿನ್ಯಕ್ಕೆ 1981ರ ಕಾಯ್ದೆ ಇದೆ, 2009ರ ರಾಷ್ಟ್ರೀಯ ಮಾನದಂಡಗಳಿವೆ. ಆದರೆ ಆ ಮಾನದಂಡಗಳು ಹೊರಾಂಗಣದ ಗಾಳಿಗೆ. ನಾಲ್ಕು ಮಗ್ಗದ ಮನೆಯೊಳಗೆ ಅವು ಕಾಲಿಡುವುದಿಲ್ಲ.

ಮಾಲೀಕನಿಗೆ ಇದು ಕೈಗೆಟಕುವುದೇ?

ಸಣ್ಣ ಮಾಲೀಕ ಇದನ್ನೆಲ್ಲ ಮಾಡಲು ಹೊರಟರೆ ಕಸುಬೇ ಮುಚ್ಚಿಹೋಗುತ್ತದೆ, ಆಗ ಕಾರ್ಮಿಕನಿಗೆ ಗಾಳಿಯೂ ಇಲ್ಲ ಅನ್ನವೂ ಇಲ್ಲ ಎಂಬ ವಾದವಿದೆ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸಣ್ಣ ಬಿಚ್ಚಾಣಿಕೆದಾರ, ಸಣ್ಣ ನೇಕಾರ ಸಾಲದಲ್ಲೇ ಬದುಕುವವರು; ಅವರೂ ಅದೇ ಗಾಳಿಯನ್ನೇ ಉಸಿರಾಡುವವರು. ಅವರನ್ನು ಶತ್ರುಗಳೆಂದು ನಿಲ್ಲಿಸಿ ಮಾತನಾಡಿದರೆ ಪ್ರಯೋಜನವಿಲ್ಲ.

ಆದರೆ ಇತಿಹಾಸ ಈ ವಾದವನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಅಮೆರಿಕದಲ್ಲಿ 1978ರಲ್ಲಿ ಹತ್ತಿ ದೂಳಿಗೆ ಕಟ್ಟುನಿಟ್ಟಿನ ಮಿತಿ ತಂದಾಗ ಗಿರಣಿ ಮಾಲೀಕರು ಇದು ತಮಗೆ ಹೊರಲಾರದ ಹೊರೆ ಎಂದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 1981ರಲ್ಲಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು. ಮುಂದೆ ರೋಗ ಗಮನಾರ್ಹವಾಗಿ ಇಳಿಯಿತು. ದೂಳು ತಗ್ಗಿಸಲು ತಂದ ಹೊಸ ಯಂತ್ರಗಳು ಉತ್ಪಾದನೆಯನ್ನೂ ಹೆಚ್ಚಿಸಿದವು.

ನಮ್ಮಲ್ಲೇ ಉದಾಹರಣೆಯಿದೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ಅಸ್ತ್ರ ಕೇಂದ್ರ ರೂಪಿಸಿದ ಒಲೆಯನ್ನು ಇಲ್ಲಿನ ಅನೇಕ ತಾಯಂದಿರು ಬಲ್ಲಿರಿ. ಚಿಮಣಿಯಿರುವ ಆ ಅಸ್ತ್ರ ಒಲೆ ಅಡುಗೆಮನೆಯ ಹೊಗೆಯನ್ನು ಹೊರಗೆ ಕಳಿಸಿತು, ಸೌದೆಯನ್ನೂ ಉಳಿಸಿತು. ಮುಂದೆ ಬೆಂಗಳೂರಿನ ಟೈಡ್ ಸಂಸ್ಥೆಯವರು ಅಡಿಕೆ ಬೇಯಿಸುವ ಒಲೆಗೂ ರೇಷ್ಮೆ ಬಿಚ್ಚಾಣಿಕೆಯ ಒಲೆಗೂ ಇದೇ ಬಗೆಯ ಸುಧಾರಣೆಯನ್ನು ತಂದರು. ಟೆರಿ ಸಂಸ್ಥೆಯವರು ರೇಷ್ಮೆ ಒಲೆಗಳಿಗೆ ಅನಿಲೀಕಾರಕಗಳನ್ನು ರೂಪಿಸಿದರು. ಇಂಥ ಒಲೆಯಲ್ಲಿ ಸೌದೆ ಕಡಿಮೆ ಸಾಕು. ಆದ್ದರಿಂದ ಹಾಕಿದ ಹಣ ಉಳಿತಾಯದಲ್ಲೇ ಹಿಂದಿರುಗುತ್ತದೆ. ಸೌದೆ ಉಳಿದರೆ ಮರ ಉಳಿಯುತ್ತದೆ. ಕಾಡಿನ ಪ್ರಶ್ನೆಯೂ ಕಾರ್ಮಿಕರ ಉಸಿರಿನ ಪ್ರಶ್ನೆಯೂ ಒಂದೇ ಒಲೆಯಲ್ಲಿ ಕೂಡುತ್ತವೆ.

ಮಾಡಬಹುದಾದ ಕೆಲಸಗಳು

ಗಾಳಿಯನ್ನು ಸರಿಪಡಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ಕೆಡುಕಿನ ವಸ್ತುವನ್ನೇ ಬದಲಿಸಲು ಸಾಧ್ಯವೇ ನೋಡಬೇಕು. ಆಗದಿದ್ದರೆ ಅದು ಹುಟ್ಟುವ ಜಾಗದಲ್ಲೇ ಹೀರಿ ಹೊರಹಾಕಬೇಕು: ಬಾಂಡಲೆಯ ಮೇಲೆ ಹಬೆಗೂಡು, ಒಲೆಗೆ ಚಿಮಣಿ, ಕತ್ತರಿಸುವ ಮೇಜಿನ ಬಳಿ ದೂಳು ಹೀರುವ ಯಂತ್ರ. ಆಮೇಲೆ ಇಡೀ ಕೋಣೆಗೆ ಗಾಳಿಯಾಡುವ ವ್ಯವಸ್ಥೆ: ಎದುರುಬದುರು ಕಿಟಕಿ, ಮಾಡಿನಲ್ಲಿ ಗವಾಕ್ಷಿ. ಒಣಗಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವುದು ಖರ್ಚಿಲ್ಲದ ಕೆಲಸ. ಮೂಗಿನ ಮುಸುಕು ಈ ಸಾಲಿನಲ್ಲಿ ಕೊನೆಯದು. ನಮ್ಮಲ್ಲಿ ಕೊನೆಯದನ್ನೇ ಮೊದಲು ಹಿಡಿದು, ಮಾಸ್ಕ್ ಕೊಟ್ಟಿದ್ದೇವೆ, ಅವರು ಹಾಕಿಕೊಳ್ಳುವುದಿಲ್ಲ ಎಂದು ಹೊಣೆಯನ್ನು ಕಾರ್ಮಿಕನ ತಲೆಗೆ ಕಟ್ಟುವುದು ರೂಢಿಯಾಗಿದೆ. ಸೆಖೆಯ ಶೆಡ್ಡಿನಲ್ಲಿ ಎಂಟು ಗಂಟೆ ಮುಸುಕು ಹಾಕಿ ದುಡಿಯುವುದು ಎಂಥದೆಂದು ಹಾಗೆ ಹೇಳುವವರು ಒಮ್ಮೆ ಪ್ರಯತ್ನಿಸಿ ನೋಡಬೇಕು.

ವಿದ್ಯಾರ್ಥಿ ಮಿತ್ರರಿಗೆ ಕೆಲವು ಸೂಚನೆಗಳು. ಒಂದು ಟೇಪು ಮತ್ತು ಪೆನ್ಸಿಲು ಇದ್ದರೆ ಜಾಗದ ಲೆಕ್ಕ ಮಾಡಬಹುದು. 14.2 ಘನ ಮೀಟರ್ ಎಂದರೆ ಸುಮಾರು 500 ಘನ ಅಡಿ. ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಕೋಣೆಯ ಮಾಡು ಎಷ್ಟೇ ಎತ್ತರವಿದ್ದರೂ ಲೆಕ್ಕಕ್ಕೆ ಸುಮಾರು ಹದಿನಾಲ್ಕು ಅಡಿ ಮಾತ್ರ. ಅದು 8,400 ಘನ ಅಡಿ. ಹಳೆಯ ಕಾಯ್ದೆಯ ಅಳತೆಯಂತೆ ಅಲ್ಲಿ ದುಡಿಯಬಹುದಾದವರು ಹದಿನಾರು ಜನ. ನಿಮ್ಮ ತರಗತಿಯ ಕೋಣೆಯನ್ನೇ ಮೊದಲು ಅಳೆದು ನೋಡಿ. ಕೆಲಸಕ್ಕೆ ಸೇರುವಾಗ ಸಂಬಳ, ಊಟ, ವಸತಿಯ ಜೊತೆಗೆ ಈ ಮೂರನ್ನೂ ವಿಚಾರಿಸಿ: ಅಲ್ಲಿ ಬಳಸುವ ರಾಸಾಯನಿಕಗಳು ಯಾವುವು, ಗಾಳಿ ಹೊರಹೋಗುವ ದಾರಿ ಎಲ್ಲಿ, ಇ.ಎಸ್.ಐ. ಇದೆಯೇ. ಔದ್ಯೋಗಿಕ ರೋಗಕ್ಕೆ ಪರಿಹಾರ ಪಡೆಯಲು ಇ.ಎಸ್.ಐ. ಚೀಟಿ ಮುಖ್ಯ ಆಧಾರ.

ಕೆಲಸಕ್ಕೆ ಸೇರಿದ ಮೇಲೆ ಕೆಮ್ಮೋ ಎದೆಬಿಗಿತವೋ ಕಾಣಿಸಿಕೊಂಡರೆ ಒಂದು ಸಣ್ಣ ಪುಸ್ತಕದಲ್ಲಿ ದಿನಚರಿ ಬರೆದಿಡಿ. ಯಾವ ದಿನ, ಯಾವ ಹೊತ್ತು, ರಜೆಯಲ್ಲಿ ಹೇಗಿತ್ತು, ಊರಿಗೆ ಬಂದಾಗ ಕಡಿಮೆಯಾಯಿತೇ. ಉಸಿರನ್ನು ಜೋರಾಗಿ ಊದಿ ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಪುಟ್ಟ ಕೊಳವೆ ಔಷಧದ ಅಂಗಡಿಗಳಲ್ಲಿ ಸಿಗುತ್ತದೆ; ಬೆಲೆ ಹೆಚ್ಚಿಲ್ಲ. ದಿನಕ್ಕೆ ನಾಲ್ಕು ಸಲ, ಕೆಲವು ವಾರಗಳ ಕಾಲ, ಕೆಲಸದ ದಿನವೂ ರಜೆಯ ದಿನವೂ ಊದಿ ಬರೆದಿಟ್ಟರೆ, ಕೆಲಸದ ದಿನ ಇಳಿದು ರಜೆಯಲ್ಲಿ ಏರುವ ಅಂಕಿಗಳು ವೈದ್ಯರಿಗೆ ದೊಡ್ಡ ಸಾಕ್ಷ್ಯವಾಗುತ್ತವೆ. ವೈದ್ಯರು ಕೇಳದಿದ್ದರೂ ನಿಮ್ಮ ಕೆಲಸವೇನೆಂದು ನೀವೇ ಹೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಇರುವುದು ದೇವನಹಳ್ಳಿ ಬಳಿಯ ಕನ್ನಮಂಗಲದಲ್ಲಿ, ವಿಮಾನ ನಿಲ್ದಾಣದ ರಸ್ತೆಯ ಪಕ್ಕದಲ್ಲೇ. ವಿಜಯಪುರದ ಬಿಚ್ಚಾಣಿಕೆ ಕೋಣೆಗಳಿರುವ ಸೀಮೆಯಲ್ಲೇ ಇಂಥದೊಂದು ಕೇಂದ್ರ ಇದೆ ಎಂಬುದು ದುಡಿಯುವವರಿಗೆ ತಿಳಿದಿರಬೇಕು.

ಮನೆಯಲ್ಲೇ ಉಳಿಯುವ ಹಿರಿಯರಿಗೂ ಒಂದು ಕೆಲಸವಿದೆ. ನಗರದಿಂದ ಹಬ್ಬಕ್ಕೆ ಬಂದ ಮಗಳೋ ಮಗನೋ ಕೆಮ್ಮುತ್ತಿದ್ದರೆ ಹವೆಯ ವ್ಯತ್ಯಾಸ ಎಂದು ಕಷಾಯ ಕೊಟ್ಟು ಸುಮ್ಮನಾಗಬೇಡಿ. ಕೆಲಸದ ಜಾಗ ಹೇಗಿದೆ, ಕಿಟಕಿ ತೆರೆಯುತ್ತಾರೆಯೇ, ಜೊತೆಯವರಿಗೂ ಕೆಮ್ಮಿದೆಯೇ ಎಂದು ವಿಚಾರಿಸಿ. ಒಬ್ಬನ ಕೆಮ್ಮು ಅವನ ಕಾಯಿಲೆ ಇರಬಹುದು. ಒಂದೇ ಕೋಣೆಯ ಹತ್ತು ಜನರ ಕೆಮ್ಮು ಆ ಕೋಣೆಯ ಕಾಯಿಲೆ. ಅದನ್ನು ಪತ್ತೆ ಹಚ್ಚಲು ಲೆಕ್ಕ ಬರೆದಿಡುವವರು ಬೇಕು.

ಈ ಸಭೆಯಿಂದ ಹೊರಡುವ ಮುನ್ನ ಒಂದು ಕೋರಿಕೆ. ಪ್ರತಿ ಊರಿನ ಯುವಕ ಸಂಘದವರು, ಮಹಿಳಾ ಸಂಘದವರು ತಮ್ಮ ಊರಿನಿಂದ ಈ ನಾಲ್ಕು ತಾಲ್ಲೂಕುಗಳಿಗೂ ಬೆಂಗಳೂರಿಗೂ ದುಡಿಯಲು ಹೋದವರ ಪಟ್ಟಿಯೊಂದನ್ನು ಮಾಡಲಿ. ಯಾವ ಕೆಲಸ, ಎಷ್ಟು ವರ್ಷದಿಂದ, ಉಸಿರಾಟದ ತೊಂದರೆ ಇದೆಯೇ, ಇ.ಎಸ್.ಐ. ಇದೆಯೇ ಎಂಬಷ್ಟನ್ನು ಅವರ ಒಪ್ಪಿಗೆಯ ಮೇರೆಗೆ ಬರೆದುಕೊಳ್ಳಲಿ, ಹೆಸರುಗಳನ್ನು ಗುಟ್ಟಾಗಿಡಲಿ. ಹೊಳೆಯ ನೀರಿನ ಮಟ್ಟವನ್ನು, ಮಳೆಯ ಪ್ರಮಾಣವನ್ನು ವರ್ಷಗಟ್ಟಲೆ ಬರೆದಿಟ್ಟ ಅನುಭವ ನಮ್ಮ ಹಳ್ಳಿಗಳಿಗೆ ಇದೆ. ಈಗ ನಮ್ಮವರ ಉಸಿರಿನ ಲೆಕ್ಕವನ್ನೂ ಅದೇ ಶ್ರದ್ಧೆಯಿಂದ ಬರೆಯೋಣ. ಪಟ್ಟಿ ಸಿದ್ಧವಾದ ಮೇಲೆ ಯಾವ ಕಚೇರಿಯ ಬಾಗಿಲು ಬಡಿಯಬೇಕು ಎಂಬುದನ್ನು ಮುಂದಿನ ಸಭೆಯಲ್ಲಿ ಒಟ್ಟಿಗೆ ಕುಳಿತು ತೀರ್ಮಾನಿಸಬಹುದು.